ಮಂದಿ ನಂಬೂವಂಥ ಫ್ಯಾನ್ ಫಿಕ್ಷನ್ ಹೆಂಗ ಬರೀಬೇಕು

ಫ್ಯಾನ್ ಫಿಕ್ಷನ್ ಅಂದ್ರ ಮೊದಲ ಇದ್ದ ಕಥಿಯ ಪಾತ್ರಗಳನ್ನ ತಗೊಂಡು ಅಭಿಮಾನಿಗಳು ತಮ್ಮದ ಕಥಿ ಬರಿಯೂದು. ಇದೇನ ನಮ್ಮ ಕಡೆ ಹೊಸಾದಲ್ರಿ, ಗದಗಿನ ವೀರನಾರಾಯಣನ ಗುಡಿಯೊಳಗ ಕುಂತು ಕುಮಾರವ್ಯಾಸ ಬರದ ಅಂತಾರಲ್ಲ, ಆ ಭಾರತನೂ ಎಲ್ಲಾರಿಗೂ ಗೊತ್ತಿದ್ದ ಕಥಿನ, ಆದ್ರೂ ಇವತ್ತಿಗೂ ಮಂದಿ ಕಿವಿಗೊಟ್ಟು ಕೇಳ್ತಾರ, ಯಾಕಂದ್ರ ಅದರಾಗಿನವ್ರು ಮಾತಾಡೋದು ಖರೇ ಅನಸ್ತದ.

ಮೊದಲ ಮೂಲ ಕಥಿ ಸರಿಯಾಗಿ ತಿಳ್ಕೋರಿ. ಕರ್ಣನ ಮ್ಯಾಲೆ ಬರೀತೀರಿ ಅನ್ಕೋರಿ, ಭೀಷ್ಮ ಸೇನಾಪತಿ ಇದ್ದ ಮೊದಲ 10 ದಿನ ಕರ್ಣ ಯುದ್ಧಕ್ಕ ಇಳಿದೇ ಇಲ್ಲ, ನೀವು 3ನೇ ದಿನಾನ ಅವನ ಕೈಯಾಗ ಬಿಲ್ಲು ಕೊಟ್ಟು ನಿಲ್ಲಿಸಿದ್ರ ಗೊತ್ತಿದ್ದವ್ರು ಅಲ್ಲೇ ಓದೂದು ಬಿಡ್ತಾರ.

ಬದಲ ಮಾಡಬ್ಯಾಡ್ರಿ ಅನ್ನಂಗಿಲ್ಲ. ಒಂದ ಬದಲ ಮಾಡ್ರಿ, ಅದರಿಂದ ಏನೇನ ಆಗ್ತದ ಅದನ್ನ ಕಡೀತನಕ ಹಿಡಕೊಂಡ ಹೋಗ್ರಿ. ಕೃಷ್ಣ ಹುಟ್ಟಿನ ಗುಟ್ಟು ಹೇಳಿದಾಗ ಕರ್ಣ ಪಾಂಡವರ ಕಡೆ ಹೋದ ಅಂತ ಬರೀರಿ, ಚಲೋ ಐಡಿಯಾ, ಆದ್ರ ಅಂಗರಾಜ್ಯ ಕೊಟ್ಟ ದುರ್ಯೋಧನನ ಋಣ, ಸಾಕಿದ ರಾಧೆ, ತುಂಬಿದ ಸಭಾದಾಗ ದ್ರೌಪದಿಗೆ ತಾನ ಆಡಿದ್ದ ಮಾತು, ಇವೆಲ್ಲಾ ಅವನ್ನ ನಿದ್ದಿ ಮಾಡಾಕ ಬಿಡ್ತಾವೇನ್ರಿ? ಒಂದ ಪ್ಯಾರಾದಾಗ ಅಪ್ಪಿಕೊಂಡು ಅತ್ತು ಎಲ್ಲಾ ಸರಿಹೋತು ಅಂದ್ರ ಯಾರೂ ನಂಬಂಗಿಲ್ಲ. ನನಗಂತೂ ಕಥಿಯ ಜೀವಾನ ಈ ಸಂಕಟದಾಗ ಅದ ಅನಸ್ತದ.

ಡೈಲಾಗ್ ಬರದ ಮ್ಯಾಲೆ ಹೆಸರು ಮುಚ್ಚಿ ಓದ್ರಿ, ಭೀಮ ಯಾರು ಧರ್ಮರಾಯ ಯಾರು ತಿಳೀಬೇಕು.

ನೀವ ಹುಟ್ಟಿಸಿದ ಹೊಸಾ ಹುಡುಗಿ ಬಿಲ್ವಿದ್ಯಾದಾಗ ಅರ್ಜುನನ್ನೂ ಸೋಲಿಸೂದು ಬ್ಯಾಡ, ಅಕಿಗೂ ಒಂದು ಹೆದರಿಕಿ ಇರಲಿ.

ಪೋಸ್ಟ್ ಮಾಡೂಕಿಂತ ಮೊದಲ ಮೂಲ ಕಥಿ ಚಲೋ ಗೊತ್ತಿದ್ದ ಗೆಳ್ಯಾರಿಗೆ ಕೊಡ್ರಿ, "ಇಂವ ಹಿಂಗ ಮಾಡಂಗಿಲ್ಲಲೇ" ಅಂತ ಅವ್ರು ಎಲ್ಲಿ ಅಂತಾರ ಅಲ್ಲಿ ಕುಂತು ತಿದ್ರಿ.