ಘಾಟಿ ಇಳಿಯುವ ಮುಂಚೆ ಬುತ್ತಿ ಬಿಚ್ಚಬೇಡಿ

ತೀರ್ಥಹಳ್ಳಿ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಉಡುಪಿಗೆ ಹೊರಟವರಿಗೆ ಒಂದು ಮಾತು. ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರ ಮುಟ್ಟುವವರೆಗೆ ಬುತ್ತಿ ಬಿಚ್ಚಬೇಡಿ. ಹೋದ ಸಲ ಹೊಟ್ಟೆ ಬಿರಿಯ ಕಡುಬು ತಿಂದಿದ್ದ ನಮ್ಮ ಸಣ್ಣವನು ಅರ್ಧ ಘಾಟಿಯಲ್ಲೇ ಅಜ್ಜಿಯ ಸೀರೆ ಮೇಲೆ ಎಲ್ಲಾ ವಾಪಸ್ ಕೊಟ್ಟ!

ಬುತ್ತಿಗೆ ಮೊಸರನ್ನವೇ ಸೈ. ಆದರೆ ಬೆಳಿಗ್ಗೆಯೇ ಮೊಸರು ಸುರಿಯಬೇಡಿ. ಅನ್ನ ಮೆತ್ತಗೆ ಮಾಡಿ, ಕಿವುಚಿ, ಕಾಸಿ ಆರಿಸಿದ ಉಗುರುಬೆಚ್ಚಗಿನ ಹಾಲು ಧಾರಾಳ ಬೆರೆಸಿ. ಮೊಸರು ಒಂದೇ ಚಮಚ ಸಾಕು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತೆ, ಹುಳಿ ಬರಲ್ಲ. ಉಪ್ಪು ಕಮ್ಮಿ ಇರಲಿ, ನೆಂಚಿಕೊಳ್ಳಲು ಅಪ್ಪೆಮಿಡಿ ಉಪ್ಪಿನಕಾಯಿ ಇದೆಯಲ್ಲ. ಕಾಯಿಚಟ್ನಿ ಮಾತ್ರ ಬೇಡ. ಕೆಳಗಿನ ಸೆಕೆ ನಮ್ಮೂರಿನಂತಲ್ಲ, ಬೇಗ ಹಳಸುತ್ತೆ.