ನೋವನ್ನು ತಕ್ಕಡಿಗೆ ಹಾಕದೆ ಆಪ್ತಸಮಾಲೋಚನೆ ಆರಂಭಿಸುವ ಬಗೆ

ಆಪ್ತಸಮಾಲೋಚಕರೊಬ್ಬರನ್ನು ಕಾಣಬೇಕೆಂದು ವರ್ಷಗಟ್ಟಲೆ ಅಂದುಕೊಳ್ಳುತ್ತಲೇ ಹೋಗದೆ ಉಳಿದವರನ್ನು ಕೇಳಿದರೆ ಹಣ, ಸಮಯ, ಸಂಕೋಚ ಮುಂತಾದ ಕಾರಣಗಳನ್ನು ಹೇಳುತ್ತಾರೆ. ಸ್ವಲ್ಪ ಕೆದಕಿದರೆ ಇನ್ನೊಂದು ಕಾರಣ ಹೊರಬೀಳುತ್ತದೆ: "ಯುದ್ಧ, ಭೂಕಂಪ, ಅತ್ಯಾಚಾರಗಳನ್ನು ಅನುಭವಿಸಿದವರ ಮುಂದೆ ನನಗಾದದ್ದು ಯಾವ ಲೆಕ್ಕ?" ಬಾಲ್ಯವಿಡೀ ಮೂದಲಿಕೆ ಕೇಳಿದವರು, ಕುಡಿದು ಬರುವ ತಂದೆಯ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟೇ ಬೆಳೆದವರು, ದಾಂಪತ್ಯದಲ್ಲಿ ವರ್ಷಾನುಗಟ್ಟಲೆ ಅವಮಾನ ನುಂಗಿದವರು ತಮ್ಮ ನೋವನ್ನು ಆಘಾತವೆಂದು ಕರೆಯಲು ಹಿಂಜರಿಯುತ್ತಾರೆ. ಈ ಅನುಮಾನ ಬಗೆಹರಿದ ಮೇಲೆ ಹೋದರಾಯಿತೆಂದು ಕಾಯುವ ಅಗತ್ಯವಿಲ್ಲ. ಅನುಮಾನವನ್ನೇ ಮೊದಲ ಭೇಟಿಯ ವಿಷಯವಾಗಿ ತೆಗೆದುಕೊಂಡು ಹೋಗಬಹುದು.

ಈ ಹಿಂಜರಿಕೆಗೆ ವೈದ್ಯಶಾಸ್ತ್ರದ ವ್ಯಾಖ್ಯೆಗಳೂ ಸ್ವಲ್ಪಮಟ್ಟಿಗೆ ಕಾರಣ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯನ್ನು, ಅಂದರೆ ಪಿಟಿಎಸ್‌ಡಿಯನ್ನು, ಮೊದಲ ಬಾರಿಗೆ ಸೇರಿಸಿದಾಗ ಆಘಾತವೆಂದರೆ ಮನುಷ್ಯರ ಸಾಮಾನ್ಯ ಅನುಭವದ ಮೇರೆಯನ್ನು ಮೀರಿದ ಘಟನೆ ಎಂದು ವಿವರಿಸಿತ್ತು. 1994ರ ಆವೃತ್ತಿಯಲ್ಲಿ ಆ ಮಾತನ್ನು ಕೈಬಿಡಲಾಯಿತು. ಇಂದಿಗೂ ಆ ಕೈಪಿಡಿಯ ಪ್ರಕಾರ ಪಿಟಿಎಸ್‌ಡಿ ಎನ್ನಬೇಕಾದರೆ ಸಾವು ಅಥವಾ ಅದರ ಭೀತಿ, ಗಂಭೀರ ಗಾಯ, ಲೈಂಗಿಕ ಹಿಂಸೆ ಇವುಗಳಲ್ಲೊಂದು ಇರಬೇಕು. ಅದು ಒಂದು ಕಾಯಿಲೆಗೆ ಹೆಸರಿಡುವ ಅಳತೆಗೋಲು. ಯಾರ ನೋವಿಗೆ ಆರೈಕೆ ಸಲ್ಲಬೇಕೆಂದು ತೀರ್ಮಾನಿಸಲು ಅದನ್ನು ಬಳಸುವಂತಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಪರಿಷ್ಕರಣೆಯಂತೂ, ತಪ್ಪಿಸಿಕೊಳ್ಳಲಾಗದ ಸ್ಥಿತಿಯಲ್ಲಿ ದೀರ್ಘಕಾಲ ಮತ್ತೆ ಮತ್ತೆ ಹಿಂಸೆಗೊಳಗಾದವರಲ್ಲಿ ಕಾಣಿಸುವ ತೊಂದರೆಗೆ ಸಂಕೀರ್ಣ ಪಿಟಿಎಸ್‌ಡಿ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ಬಾಲ್ಯದ ಕಹಿ ಅನುಭವಗಳ ಬಗ್ಗೆ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರಿಸಿದ ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕನಿಷ್ಠ ಒಂದು ಬಗೆಯ ಕಹಿ ಅನುಭವವನ್ನು ಹೇಳಿಕೊಂಡಿದ್ದರು. ಮಾತಿನ ಹಿಂಸೆ, ಮನೆಯಲ್ಲಿ ಕುಡುಕರೊಂದಿಗೆ ಬದುಕಿದ್ದು ಕೂಡ ಆ ಪಟ್ಟಿಯಲ್ಲಿದ್ದವು. "ಎಲ್ಲರ ಮನೆಯಲ್ಲೂ ನಡೆಯುವುದೇ" ಎಂಬ ಸಮಾಧಾನದ ಮಾತಿನಲ್ಲಿ ಸತ್ಯಾಂಶವಿದೆ, ನಿಜ. ಎಲ್ಲರಿಗೂ ಆದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲವೆಂಬ ತರ್ಕ ಮಾತ್ರ ಒಪ್ಪುವಂಥದ್ದಲ್ಲ.

ಹಾಗಾದರೆ ನಮ್ಮದನ್ನು ನಾವು ಗುರುತಿಸುವುದು ಹೇಗೆ? ಘಟನೆಯ ಗಾತ್ರವನ್ನು ಬಿಟ್ಟು ಅದು ಇಂದಿನ ದಿನಚರಿಯಲ್ಲಿ ಎಲ್ಲೆಲ್ಲಿ ಕಾಲಿಡುತ್ತಿದೆ ಎಂಬುದನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಯಾರೋ ದನಿಯೇರಿಸಿದರೆ ಎದೆ ಹೊಡೆದುಕೊಳ್ಳುವುದು, ಕೆಲವು ಜಾಗ, ವಾಸನೆ, ಹೆಸರುಗಳನ್ನು ತಪ್ಪಿಸುತ್ತ ದಾರಿ ಬದಲಿಸುವುದು, ಸಂತೋಷದ ಗಳಿಗೆಯಲ್ಲೂ ಮನಸ್ಸು ಮರಗಟ್ಟಿದಂತಿರುವುದು, ಎಲ್ಲ ತಪ್ಪೂ ತನ್ನದೇ ಎನಿಸುವುದು, ನಿದ್ದೆ ಹರಿದು ಹೋಗುವುದು ಇಂಥ ಗುರುತುಗಳು. ಎರಡು ವಾರಗಳ ಕಾಲ, ಹೀಗಾದಾಗಲೆಲ್ಲ ಏನು ನಡೆಯಿತು, ದೇಹದಲ್ಲಿ ಎಲ್ಲಿ ಏನಾಯಿತು, ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡಿ. ಹಳೆಯ ಘಟನೆಯನ್ನು ವಿವರವಾಗಿ ಬರೆಯುವ ಅಗತ್ಯವಿಲ್ಲ. ಒಬ್ಬರೇ ಕುಳಿತು ಅದನ್ನು ಬಿಚ್ಚುವುದು ಕೆಲವರಿಗೆ ಭಾರವಾಗುತ್ತದೆ. ಒಂದೇ ಘಟನೆ ಇಬ್ಬರಲ್ಲಿ ಎರಡು ಬಗೆಯ ಗುರುತು ಉಳಿಸುತ್ತದೆ ಎಂಬುದನ್ನೂ ನೆನಪಿಡಬೇಕು. ಆಗ ವಯಸ್ಸೆಷ್ಟಿತ್ತು, ತಪ್ಪಿಸಿಕೊಳ್ಳಲು ದಾರಿಯಿತ್ತೇ, ಹೇಳಿಕೊಂಡಾಗ ನಂಬಿದವರು ಒಬ್ಬರಾದರೂ ಇದ್ದರೇ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ. ಒಡಹುಟ್ಟಿದವರು ಆರಾಮವಾಗಿದ್ದಾರೆಂಬುದು ನಿಮ್ಮ ವಿರುದ್ಧದ ಸಾಕ್ಷಿಯಾಗದು.

"ನಾನು ಕೂಗಲಿಲ್ಲ, ಎದುರಿಸಲಿಲ್ಲ, ಸುಮ್ಮನೆ ನಿಂತಿದ್ದೆ, ಹಾಗಾದರೆ ಅದು ಹಿಂಸೆಯಾಗುವುದು ಹೇಗೆ?" ಎಂದು ತಮ್ಮನ್ನೇ ಪ್ರಶ್ನಿಸಿಕೊಳ್ಳುವವರು ಬಹಳ. ಅಪಾಯ ಎದುರಾದಾಗ ದೇಹ ಹೋರಾಡಬಹುದು, ಓಡಬಹುದು, ಅಥವಾ ಕಲ್ಲಾಗಿ ನಿಂತುಬಿಡಬಹುದು. ಇದು ನಾವು ಯೋಚಿಸಿ ಆರಿಸಿಕೊಂಡ ನಡೆಯಲ್ಲ, ನರಮಂಡಲವು ಕ್ಷಣಾರ್ಧದಲ್ಲಿ ತಾನಾಗಿ ಮಾಡುವ ಕೆಲಸ. ನೆನಪು ತುಂಡುತುಂಡಾಗಿರುವುದೂ ಆಘಾತಗೊಂಡವರಲ್ಲಿ ಸಾಮಾನ್ಯ. ಹಾಗೆಂದು ಪ್ರತಿಯೊಂದು ಬೇಸರವನ್ನೂ ಆಘಾತವೆಂದು ಕರೆಯಬೇಕಿಲ್ಲ. ಆ ಪದ ನಿಮಗೆ ಒಗ್ಗದಿದ್ದರೆ "ನನಗಾದದ್ದು" ಎಂದರೂ ಸಾಕು, ಕೆಲಸ ಮುಂದುವರಿಯುತ್ತದೆ.

ಇನ್ನು ಯಾರ ಬಳಿ ಹೋಗುವುದೆಂಬ ಪ್ರಶ್ನೆ. ಮನೋವೈದ್ಯರು ವೈದ್ಯಕೀಯ ಪದವೀಧರರು, ಔಷಧಿ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟರು ಮನೋಪರೀಕ್ಷೆ ಮತ್ತು ಮನೋಚಿಕಿತ್ಸೆಯಲ್ಲಿ ತರಬೇತಾದವರು. ಆಪ್ತಸಮಾಲೋಚಕರು ಮಾತುಕತೆಯ ಮೂಲಕ ನೆರವಾಗುವವರು. ಖಾಸಗಿಯಾಗಿ ಕೆಲಸ ಮಾಡುವವರ ವಿಷಯದಲ್ಲಿ ನಾಮಫಲಕವನ್ನಷ್ಟೇ ನಂಬುವುದು ತರವಲ್ಲ, ಏಕೆಂದರೆ ಈ ವೃತ್ತಿಯ ಮೇಲಿನ ನಿಯಂತ್ರಣ ಎಲ್ಲೆಡೆ ಒಂದೇ ಸಮನಾಗಿಲ್ಲ. ಸಮಯ ಗೊತ್ತುಮಾಡುವ ಮೊದಲೇ ಓದೇನು, ನೋಂದಣಿ ಎಲ್ಲಿದೆ, ಆಘಾತಕ್ಕೊಳಗಾದವರೊಂದಿಗೆ ಕೆಲಸ ಮಾಡುವ ತರಬೇತಿ ಇದೆಯೇ, ಹಿರಿಯರೊಬ್ಬರ ಮೇಲ್ವಿಚಾರಣೆ ಪಡೆಯುತ್ತಾರೆಯೇ, ಶುಲ್ಕವೆಷ್ಟು, ಭೇಟಿ ರದ್ದಾದರೆ ಏನು ನಿಯಮ ಎಂದು ಕೇಳಿ. ಪಿಟಿಎಸ್‌ಡಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ವಿಧಾನಗಳಲ್ಲಿ ಆಘಾತಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆಗಳ ಜಾಡನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ನೋವಿನ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಣ್ಣುಗಳನ್ನು ಅತ್ತಿತ್ತ ಚಲಿಸುತ್ತ ಅದರ ತೀವ್ರತೆ ತಗ್ಗಿಸುವ ಚಿಕಿತ್ಸೆ) ಇವೆ. ಇವುಗಳ ಪರಿಚಯವಿದೆಯೇ ಎಂದೂ ವಿಚಾರಿಸಬಹುದು. ಪ್ರಶ್ನೆಗಳಿಗೆ ಸಿಡುಕುವವರು, ಇಂತಿಷ್ಟೇ ಭೇಟಿಗಳಲ್ಲಿ ಗುಣಪಡಿಸುವೆನೆಂದು ಮಾತು ಕೊಡುವವರು, ಮರೆತುಹೋದ ನೆನಪುಗಳನ್ನು ಅಗೆದು ತೆಗೆಯಲೇಬೇಕೆಂದು ಹಟ ಹಿಡಿಯುವವರು ಸಿಕ್ಕರೆ ಬೇರೆಯವರನ್ನು ಹುಡುಕುವುದೇ ಲೇಸು.

ಮೊದಲ ಸಂದೇಶ ಬರೆಯುವಾಗಲೇ ಅನೇಕರ ಕೈ ನಿಲ್ಲುತ್ತದೆ. ಇಷ್ಟು ಸಾಕು: "ಹಳೆಯ ಕೆಲವು ಅನುಭವಗಳು ಇಂದಿಗೂ ನನ್ನ ನಿದ್ದೆಯನ್ನೂ ಸಂಬಂಧಗಳನ್ನೂ ಕಾಡುತ್ತಿವೆ. ಅವನ್ನು ಆಘಾತವೆನ್ನಬಹುದೇ ಎಂಬುದು ನನಗೆ ಖಚಿತವಿಲ್ಲ. ಒಮ್ಮೆ ಭೇಟಿಯಾಗಿ ಮಾತನಾಡಬಹುದೇ?" ವೀಡಿಯೊ ಮೂಲಕ ಮಾತನಾಡುವುದಾದರೆ ಮಾತು ಬೇರೆಯವರ ಕಿವಿಗೆ ಬೀಳದ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಒಂದು ಮಾತನ್ನು ಇಲ್ಲಿಯೇ ಹೇಳಬೇಕು: ಪ್ರಾಣ ಕಳೆದುಕೊಳ್ಳುವ ಯೋಚನೆಗಳಿದ್ದರೆ, ಅಥವಾ ಹಿಂಸೆ ಈಗಲೂ ನಡೆಯುತ್ತಿದ್ದರೆ, ಭೇಟಿಯ ದಿನಕ್ಕಾಗಿ ಕಾಯಬೇಡಿ, ಹತ್ತಿರದ ಆಸ್ಪತ್ರೆಯನ್ನೋ ತುರ್ತು ಸಹಾಯವಾಣಿಯನ್ನೋ ಕೂಡಲೇ ಸಂಪರ್ಕಿಸಿ.

ಮೊದಲ ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷಗಳದ್ದು. ಅದರ ಬಹುಪಾಲು ಒಪ್ಪಿಗೆ ಪತ್ರ, ಹಿನ್ನೆಲೆಯ ಪ್ರಶ್ನೆಗಳು, ಗೋಪ್ಯತೆಯ ವಿವರಣೆಗಳಲ್ಲೇ ಕಳೆಯುತ್ತದೆ. ನೀವು ಹೇಳಿದ್ದು ಹೊರಗೆ ಹೋಗದು, ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ಮಗುವಿಗೆ ಹಿಂಸೆಯಾಗುತ್ತಿರುವಾಗ, ನ್ಯಾಯಾಲಯ ಆದೇಶಿಸಿದಾಗ ಈ ನಿಯಮಕ್ಕೆ ವಿನಾಯಿತಿಗಳಿರಬಹುದು; ಅವು ಯಾವುವೆಂದು ಆರಂಭದಲ್ಲೇ ಕೇಳಿ ತಿಳಿಯಿರಿ. ಎಲ್ಲವನ್ನೂ ಮೊದಲ ದಿನವೇ ಸುರಿದುಬಿಡುವ ಆತುರ ಬೇಡ. ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ವಿವರಿಸಿದ ಮೂರು ಹಂತಗಳಲ್ಲಿ ಸುರಕ್ಷತೆ ಮೊದಲನೆಯದು. ನೆನಪಿಸಿಕೊಂಡು ಶೋಕಿಸುವುದು ಆಮೇಲೆ, ಬದುಕಿನೊಂದಿಗೆ ಮತ್ತೆ ಬೆಸೆದುಕೊಳ್ಳುವುದು ಕೊನೆಗೆ. "ಇದನ್ನು ಇವತ್ತು ಹೇಳಲಾರೆ" ಎಂದು ಹೇಳಲು ನಿಮಗೆ ಪೂರ್ಣ ಹಕ್ಕಿದೆ, ಒಳ್ಳೆಯ ಸಮಾಲೋಚಕರು ಅದನ್ನು ಗೌರವಿಸುತ್ತಾರೆ.

ಮಾತನಾಡುವಾಗ ಹಳೆಯ ಅಭ್ಯಾಸ ಕಾಣಿಸಿಕೊಳ್ಳುತ್ತದೆ. ನೋವಿನ ಸಂಗತಿಯನ್ನು ನಗುತ್ತ ಹೇಳಿ, ಕೊನೆಗೆ "ಅಷ್ಟೇನಿಲ್ಲ ಬಿಡಿ" ಎಂದು ಸೇರಿಸುತ್ತೇವೆ. ಆಗ "ಇದನ್ನು ಹೇಳುವಾಗ ಉತ್ಪ್ರೇಕ್ಷೆ ಮಾಡುತ್ತಿದ್ದೇನೆಂಬ ಭಯವಾಗುತ್ತದೆ" ಎಂದು ಬಾಯಿಬಿಟ್ಟು ಹೇಳಿಬಿಡಿ. ಆ ಭಯವನ್ನು ಕಲಿಸಿದವರು ಯಾರೆಂಬ ಹುಡುಕಾಟ ಅಲ್ಲಿಂದಲೇ ಶುರುವಾಗಬಹುದು. ಎದುರಿಗಿರುವವರೇ "ಮರೆತುಬಿಡಿ, ಕ್ಷಮಿಸಿಬಿಡಿ" ಎಂದು ಅವಸರಿಸಿದರೆ ನೊಂದದ್ದನ್ನು ಅವರಿಗೇ ತಿಳಿಸಿ ನೋಡಿ, ಬದಲಾಗದಿದ್ದರೆ ಬೇರೆಯವರನ್ನು ಹುಡುಕಿ. ಸಮಾಲೋಚಕರೊಂದಿಗಿನ ನಂಟು ಗಟ್ಟಿಯಾಗಿದ್ದಷ್ಟೂ ಫಲ ಚೆನ್ನಾಗಿರುತ್ತದೆಂದು ಮನೋಚಿಕಿತ್ಸೆಯ ಸಂಶೋಧನೆಗಳು ಮತ್ತೆ ಮತ್ತೆ ಕಂಡುಕೊಂಡಿರುವುದರಿಂದ ಇದು ಚಿಲ್ಲರೆ ವಿಷಯವಲ್ಲ. ನಿಮ್ಮ ನೋವು ನಿಜವೆಂದು ಮನೆಯವರನ್ನು ಒಪ್ಪಿಸುವ ಹೊಣೆಯನ್ನಂತೂ ಈ ಹಂತದಲ್ಲಿ ಹೊರಬೇಡಿ.

ಭೇಟಿ ಮುಗಿದ ಮೇಲೆ ಅರ್ಧ ಗಂಟೆಯಾದರೂ ಬಿಡುವಿಟ್ಟುಕೊಳ್ಳಿ. ಆಯಾಸ, ಅಳು, ಕೆಟ್ಟ ಕನಸು ಒಂದೆರಡು ದಿನ ಹೆಚ್ಚಾಗಬಹುದು. ಅದು ತಗ್ಗದೆ ಏರುತ್ತಲೇ ಹೋದರೆ ಮುಂದಿನ ಭೇಟಿಯಲ್ಲಿ ಮೊದಲು ಅದನ್ನೇ ಹೇಳಿ, ವೇಗ ತಗ್ಗಿಸಲು ಕೇಳಿ. ಎರಡನೆಯ ಭೇಟಿಯ ದಿನಾಂಕವನ್ನು ಮಾತ್ರ ಮೊದಲ ಭೇಟಿಯಿಂದ ಏಳುವ ಮುನ್ನವೇ ಬರೆಸಿಬಿಡುವುದು ಒಳ್ಳೆಯದು, ಏಕೆಂದರೆ "ಇಷ್ಟಕ್ಕೆಲ್ಲ ಹೋಗಬೇಕಿತ್ತೇ" ಎಂಬ ಒಳದನಿ ಹೆಚ್ಚು ಜೋರಾಗಿ ಕೇಳಿಸುವುದು ಆ ನಡುವಿನ ವಾರದಲ್ಲಿಯೇ.