ಶುಂಠಿ ಸೋಡಾದ ತಳದಲ್ಲಿರುವ ಯೀಸ್ಟ್ ಉಳಿಸಿಕೊಳ್ಳುವ ಬಗೆ

ಶಿರಸಿ, ಸಿದ್ದಾಪುರದ ಕಡೆ ಹಸಿ ಶುಂಠಿ, ಬೆಲ್ಲ ಮತ್ತು ನಿಂಬೆರಸಕ್ಕೆ ಯೀಸ್ಟ್ ಬೆರೆಸಿ ಸೋಡಾ ಮಾಡುವವರು ಬಾಟಲಿಯ ತಳದ ಗಷ್ಟನ್ನು ತೊಳೆದು ಚೆಲ್ಲಿಬಿಡುತ್ತಾರೆ. ಬಿಯರ್ ತಯಾರಿಸುವವರು ಮುಂದಿನ ಸಲಕ್ಕೆಂದು ಜೋಪಾನ ಮಾಡುವುದು ಇಂಥ ಗಷ್ಟನ್ನೇ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆಯಂತೆ ಅಪರಾಧವಾದ್ದರಿಂದ, ಒಂದೆರಡು ದಿನ ಹುದುಗಿಸಿ ಫ್ರಿಜ್‌ಗೆ ಸೇರಿಸುವ ಸೋಡಾಕ್ಕಷ್ಟೇ ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೆಲ್ಲ ಮತ್ತು ಶುಂಠಿಯ ಪಾಕವನ್ನು ಯೀಸ್ಟ್ ಹಾಕುವ ಮೊದಲೇ ತೆಳುಬಟ್ಟೆಯಲ್ಲಿ ಸೋಸಿದ್ದರೆ ಗಷ್ಟು ಶುದ್ಧವಾಗಿರುತ್ತದೆ. ಹುದುಗಿದ ಬಾಟಲಿ ಒಂದು ದಿನ ಫ್ರಿಜ್‌ನಲ್ಲಿ ನಿಂತರೆ ಯೀಸ್ಟ್ ತಳ ಸೇರುತ್ತದೆ. ಸೋಡಾವನ್ನು ಅಲುಗಿಸದೆ ಬಗ್ಗಿಸಿಕೊಂಡು, ಹತ್ತು ನಿಮಿಷ ಕುದಿಸಿ ಮುಚ್ಚಿಟ್ಟು ಪೂರ್ತಿ ಆರಿಸಿದ ನೀರನ್ನು ಗಷ್ಟಿಗೆ ಸುರಿದು ಕಲಕಬೇಕು. ನೀರು ಬಿಸಿಯಾಗಿದ್ದರೆ ಯೀಸ್ಟ್ ಸಾಯುತ್ತದೆ. ಹದಿನೈದು ನಿಮಿಷ ಬಿಟ್ಟರೆ ಶುಂಠಿಯ ನಾರು ಮತ್ತು ಬೆಲ್ಲದ ಕೆಸರು ಕಂದು ಪದರವಾಗಿ ಕೆಳಗೆ ಕೂರುತ್ತವೆ. ಮೇಲೆ ತೇಲುವ ಹಾಲುಬಣ್ಣದ ನೀರಿನಲ್ಲಿ ನಮಗೆ ಬೇಕಾದ ಯೀಸ್ಟ್ ಇರುತ್ತದೆ. ಅದನ್ನಷ್ಟೇ ಕುದಿನೀರಿನಲ್ಲಿ ಅದ್ದಿ ತೆಗೆದ ಗಾಜಿನ ಭರಣಿಗೆ ಬಗ್ಗಿಸಬೇಕು. ಯೀಸ್ಟನ್ನು ಹೀಗೆ ತೊಳೆಯುವುದು ಒಮ್ಮೆ ಸಾಕು, ಏಕೆಂದರೆ ಪಾತ್ರೆ ಬದಲಿಸಿದಷ್ಟೂ ಹೊರಗಿನ ಸೂಕ್ಷ್ಮಜೀವಿಗಳಿಗೆ ದಾರಿ ತೆರೆಯುತ್ತದೆ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್, ಬಿಯರ್ ಕೆಡಲು ಅದರೊಳಗೆ ಬೆರೆತ ಕಾಡು ಯೀಸ್ಟ್ ಕಾರಣವೆಂದು ಕಂಡು, ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿ ತೋರಿಸಿದ್ದರು. ಮನೆಯಲ್ಲಿ ಅಷ್ಟು ಶುದ್ಧತೆ ಸಾಧ್ಯವಿಲ್ಲದ ಕಾರಣ, ನಾಲ್ಕೈದು ಸಲ ಬಳಸಿದ ಮೇಲೆ ಹೊಸ ಯೀಸ್ಟ್ ಹಾಕುವುದೇ ಲೇಸು.

ಭರಣಿಯನ್ನು ಫ್ರಿಜ್‌ನಲ್ಲಿಡುವಾಗ ಮುಚ್ಚಳವನ್ನು ಬಿಗಿಗೊಳಿಸಬಾರದು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ನಮ್ಮೂರುಗಳಲ್ಲಿ ಫ್ರಿಜ್ ಬೆಚ್ಚಗಾದರೆ ಯೀಸ್ಟ್ ಎಚ್ಚೆತ್ತು, ಉಳಿದ ಸಕ್ಕರೆಯನ್ನು ತಿಂದು ಗಾಳಿ ಬಿಡುತ್ತದೆ. ಬಿಗಿಯಾದ ಗಾಜು ಸಿಡಿಯಬಹುದು. ಭರಣಿಯ ಮೇಲೆ ದಿನಾಂಕ ಬರೆದು ಎರಡು ಮೂರು ವಾರಗಳೊಳಗೆ ಬಳಸಬೇಕು.

ಬಳಸುವ ಹಿಂದಿನ ದಿನ, ಹತ್ತು ಗ್ರಾಂ ಬೆಲ್ಲವನ್ನು ನೂರು ಮಿಲಿಲೀಟರ್ ನೀರಿನಲ್ಲಿ ಕುದಿಸಿ ಆರಿಸಿ, ಭರಣಿಯ ಮೇಲಿನ ತಿಳಿನೀರನ್ನು ಚೆಲ್ಲಿ, ತಳದಲ್ಲಿ ಉಳಿದ ಯೀಸ್ಟ್‌ನ ಒಂದೆರಡು ಚಮಚೆಯನ್ನು ಅದಕ್ಕೆ ಸೇರಿಸಿ ಹೊರಗಿಡಬೇಕು. ಮರುದಿನದೊಳಗೆ ನೊರೆಯೇಳದಿದ್ದರೆ ಅದು ಸತ್ವ ಕಳೆದುಕೊಂಡಿದೆ ಎಂದರ್ಥ. ಹಿಟ್ಟು ಹುದುಗಿದಂಥ ಪರಿಮಳದ ಬದಲು ಕೊಳೆತ ವಾಸನೆ ಬಂದರೆ, ಬೂಸಲು ಅಥವಾ ಗುಲಾಬಿ ಕಲೆ ಕಂಡರೆ, ರುಚಿ ನೋಡದೆ ಎಲ್ಲವನ್ನೂ ಚೆಲ್ಲಿ ಭರಣಿಯನ್ನು ಕುದಿನೀರಿನಲ್ಲಿ ತೊಳೆಯಬೇಕು.